ಮದರಾಸಿಗೆ ಹೋಗ್ರಿ

“ಹುಡುಗ ಒಪ್ಪಿಗಿ ಆಗ್ಯಾನೇನವ್ವ?”

ಹಿರಿಯರು ಕೇಳಿದ್ದೇ ತಡ, ಪಾರಮ್ಮ ತಲೆ ಎತ್ತಿದಳು.

“ಇದು ನನ್ನ ಕೈಯಾಗಿಲ್ರಿ ಡಾಕ್ಟರೇ. ಮದರಾಸಿಗೆ ಹೋಗ್ರಿ!”

ಕುರುಗೋಡಿನ ಆ ಪಡಸಾಲೆಯಲ್ಲಿ ಕೂತವರೆಲ್ಲ ಅವಳತ್ತ ತಿರುಗಿದರು. ಹೆಣ್ಣು ನೋಡಲು ಬಂದ ಡಾಕ್ಟರು ಚಿದಾನಂದಪ್ಪನ ಬಸಿಯೊಳಗೆ ಚಹಾ ತುಳುಕಿತು.

ಆಹಾ... ಈ ಮುಖ ಹೀಗೆ ಬಿಳಿಚುವುದನ್ನು ನೋಡಲೆಂದೇ ಅಲ್ಲವೇ ಅವಳು ಅವ್ವನ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದದ್ದು!

ಎರಡು ವರ್ಷದ ಹಿಂದೆ ಸಿರುಗುಪ್ಪದ ದವಾಖಾನೆಯಲ್ಲಿ ಇದೇ ಮಾತನ್ನು ಅವನು ಆಡಿದ್ದ. ತಲೆನೋವು ತಾಳದೆ ಗೋಡೆಗೆ ಹಣೆ ಒತ್ತಿ ಕೂತಿದ್ದಳು ಅವ್ವ. ಅವಳ ಕಣ್ಣಿಗೆ ಸಣ್ಣ ದೀಪ ಹಿಡಿದು ಬಗ್ಗಿ ನೋಡಿದ್ದ. ಎಷ್ಟು ಮೆತ್ತಗಿನ ಕೈ... ಎಂದು ಪಾರಮ್ಮನ ಎದೆ ಕರಗಿತ್ತು. ಮರುಕ್ಷಣವೇ ಆ ಮಾತು!

“ಡಾಕ್ಟರು ಕೈ ಬಿಟ್ರು,” ಎಂದು ಅಪ್ಪ ಗವಿಸಿದ್ದಪ್ಪ ಗಾಡಿಯನ್ನು ಮನೆಗೆ ತಿರುಗಿಸಿದ್ದ. ಅವ್ವ ಉಳಿಯಲಿಲ್ಲ.

ಈಗ ಅವನೇ ಹೆಣ್ಣು ಕೇಳಿ ಬಂದಿದ್ದ.

“ನಂಬಿ ಬಂದೋರನ್ನ ದೂಡಿದ್ರ ಹೆಂಗಾಕ್ಕೈತಿ, ಗೊತ್ತಾತೇನ್ರಿ?”

“ನಾ ದೂಡ್ಲಿಲ್ರಿ,” ಎಂದ ಅವನು, ಮೆಲ್ಲಗೆ. “ಸಿರುಗುಪ್ಪದಾಗ ನಾವು ಜ್ವರ, ಗಾಯ ನೋಡ್ತೀವಿ. ಬಳ್ಳಾರ್ಯಾಗ ಹೊಟ್ಟಿ ಕೊಯ್ದು ಹೊಲೀತಾರ. ನಿಮ್ಮವ್ವಾರ ತಲ್ಯಾಗ ಗಡ್ಡಿ ಇತ್ತು; ತಲಿಬುರುಡಿ ತೆಗದು ಅದನ್ನ ಬಿಡಿಸೋರು ಮದರಾಸಿನಾಗ ಮಾತ್ರ. ನಾ ರಜಾ ಹಾಕಿ ಮುಂಚೇನ ಹೋಗಿ ಅಲ್ಲಿನ ದವಾಖಾನ್ಯಾಗ ನಿಮ್ಮವ್ವಾರಿಗೆ ಹಾಸಿಗಿ ಇಡಿಸಿದ್ದೆ. ದಿನಾ ಟೇಸನ್ನಿಗೆ ಹೋಗಿ ನೋಡ್ದೆ... ನೀವು ಬರಲೇ ಇಲ್ಲ.”

“ಸುಳ್ಳು! ಅಪ್ಪಾ, ಸುಳ್ಳು ಅನ್ನು!”

ಗವಿಸಿದ್ದಪ್ಪ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ.

“ಅಲ್ಲಿರ್ತೀನಿ ಅಂತ ಅವ್ರು ನನಗ ಹೇಳಿದ್ದು ಖರೆ... ಅಷ್ಟು ದೂರ ಕಳಸ್ತಾರಂದ್ರ ಜೀವ ಉಳಿಯಾಂಗಿಲ್ಲ ಅನಕೊಂಡ್ನವ್ವಾ. ಹೋಗೋ ಜೀವ ಮನಿಯಾಗರ ಹೋಗಲಿ ಅಂತ...”

ಎರಡು ವರ್ಷ ಸಾಕಿದ ಸಿಟ್ಟು ಇನ್ನು ಯಾರ ಮೇಲೆ ಬೀಳಬೇಕು? ಅಪ್ಪನ ಈ ಬಾಗಿದ ಭುಜದ ಮೇಲೆಯೇ? ಪಾರಮ್ಮ ಅಪ್ಪನ ಪಕ್ಕ ಕುಸಿದು, ಅವನ ಕೈ ಹಿಡಿದು ಅತ್ತಳು.

ಚಿದಾನಂದಪ್ಪ ಕಪ್ಪು-ಬಸಿ ಕೆಳಗಿಟ್ಟು ಎದ್ದ.

“ಎಲ್ಲಿಗ್ರಿ?” ಪಾರಮ್ಮ ಕಣ್ಣೊರೆಸಿಕೊಂಡು ಕೇಳಿದಳು.

“ಮದರಾಸಿಗೆ. ನೀವೇ ಕಳಿಸಿದ್ರಲ್ಲ...” ಅವನು ಬಾಗಿಲ ಕಡೆ ತಿರುಗಿದ. “ಖರೇನೂ ಹೊಂಟೀನ್ರಿ. ಆ ಕೆಲಸ ಕಲಿಯಾಕ. ನಿಮ್ಮವ್ವಾರು ಬರದ ಆ ಹಾಸಿಗಿ ಇನ್ನೂ ಕಣ್ಣಾಗೈತಿ.”

ಅವನು ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಬಳೆ ಸದ್ದಾಯಿತು.

“ಈ ಸಲ ಟೇಸನ್ನಿನಾಗ ಕಾಯಬ್ಯಾಡ್ರಿ...”

“ಯಾಕ್ರಿ?”

“ನಾ ಜೊತಿಗೇ ರೈಲು ಹತ್ತತೀನಿ.”