ಸೀಲ್ ಒಡೆಯದ ಡಬ್ಬ

ಹೊಸದೆಂದು ಮಾರಿದ ಡಬ್ಬದೊಳಗೆ ಬಳಸಿದ ಲ್ಯಾಪ್‌ಟಾಪ್ ಇತ್ತು. ಅದನ್ನು ಬದಲಾಯಿಸಿದವನು ಗೋದಾಮಿನ ಹಮಾಲ ಎಂದು ಅಂಗಡಿಯವರು ಹೇಳಿದರು. ಮರುದಿನ ಅವನನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು.

ಕೊಂಡವಳು ನಾನು.

ಸರ್ಕಾರಿ ಕಚೇರಿಯ ಕಾಂಪೌಂಡಿನ ಹೊರಗೆ ಮೇಜು ಹಾಕಿಕೊಂಡು ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕಸುಬು. ಪಿಂಚಣಿ ನಿಂತವರು, ಮನೆ ಖಾಲಿ ಮಾಡಿಸಿಕೊಂಡವರು, ಸತ್ತವರ ಪಟ್ಟಿಯಲ್ಲಿ ತಮ್ಮ ಹೆಸರು ಕಂಡು ಬೆಚ್ಚಿದವರು — ಇವರ ಸಂಕಟಕ್ಕೆಲ್ಲ ನನ್ನ ಹತ್ತು ಬೆರಳೇ ಗತಿ. ಟೈಪ್‌ರೈಟರಿಗೆ ರಿಬ್ಬನ್ ಸಿಗುವುದು ನಿಂತ ಮೇಲೆ ಕಂಪ್ಯೂಟರ್ ಕೊಳ್ಳದೆ ವಿಧಿಯಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದವಳೇ ಡಬ್ಬವನ್ನು ಮೇಜಿನ ಮೇಲಿಟ್ಟು ಮೇಲಿನ ಸೀಲನ್ನು ಚಾಕುವಿನಿಂದ ಕುಯ್ದೆ. ಮೊದಲು ಚಾರ್ಜರ್ ಸಿಕ್ಕಿತು. ಅದರಡಿ, ಬಿಳಿ ಹೊದಿಕೆಯಲ್ಲಿ ಬೋರಲಾಗಿ ಲ್ಯಾಪ್‌ಟಾಪ್. ತಿರುಗಿಸಿ ತೆರೆದೆ. ಬೆರಳುಗಳು ಅಭ್ಯಾಸಬಲದಿಂದ ತಮ್ಮ ತಮ್ಮ ಜಾಗಕ್ಕೆ ಹೋಗಿ ಕುಳಿತವು. ಅಲ್ಲೇ ತಡೆದವು.

ಕಿಟಕಿಯ ಬಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಿದರು.

"ಏನೇ, ಅಷ್ಟೊತ್ತಿನಿಂದ ಕುಣೀತಿದ್ದವಳು ಈಗ ಯಾಕೆ ಕಲ್ಲಾದೆ?"

"ಅತ್ತೆ, ಇದನ್ನ ಯಾರೋ ಬಳಸಿದ್ದಾರೆ."

"ಗೀರು ಇದೆಯಾ?"

"ಇಲ್ಲ. ಕೀಲಿ ಹೊಳೀತಿವೆ."

ಟೈಪ್ ಮಾಡುವವರ ಕೈಗೆ ಸಿಕ್ಕ ಯಂತ್ರದಲ್ಲಿ ಅಕ್ಷರದ ಕೀಲಿಗಳು ಸವೆದು ಹೊಳೆಯುತ್ತವೆ. ಇಲ್ಲಿ ಅಕ್ಷರಗಳೆಲ್ಲ ಹೊಚ್ಚ ಹೊಸದರಂತೆ ಮಂಕಾಗಿಯೇ ಇದ್ದವು. ಮೂಲೆಯ ನಾಲ್ಕು ಬಾಣದ ಕೀಲಿಗಳು ಮಾತ್ರ ಎಣ್ಣೆ ಸವರಿದಂತೆ ಮಿನುಗುತ್ತಿದ್ದವು. ಇದೆಂಥ ಟೈಪಿಸ್ಟು? ಬರೆಯದೆ ಬರೀ ಬಾಣ ಒತ್ತಿದವನು?

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಓಡಿದೆ. ಮ್ಯಾನೇಜರ್ ಕೋಟು ತೊಟ್ಟ, ಮೆದು ಮಾತಿನ ಮನುಷ್ಯ. ಐದು ನಿಮಿಷ ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟ.

"ನಮ್ಮ ಹಮಾಲನದೇ ಕೆಲಸ ಮೇಡಂ. ಹೊಸದನ್ನ ಎತ್ತಿಟ್ಕೊಂಡು ಎಲ್ಲಿಂದಲೋ ತಂದ ಹಳೇದನ್ನ ತುರುಕಿದ್ದಾನೆ. ನಾಳೇನೇ ಮನೆಗೆ ಕಳಿಸ್ತೀನಿ. ನೀವು ಅವನ ಮೇಲೊಂದು ದೂರು ಟೈಪ್ ಮಾಡ್ಕೊಂಡು ಬನ್ನಿ, ಬೇರೆ ಹೊಸದು ಕೊಡೋಣ. ಅಂದ ಹಾಗೆ, ಡಬ್ಬ ಎಲ್ಲಿ?"

"ಮನೇಲಿದೆ."

"ಮರೀದೆ ತನ್ನಿ. ಡಬ್ಬ ಬಹಳ ಮುಖ್ಯ."

ಗಾಜಿನ ಆಚೆ, ಫ್ರಿಜ್ಜಿನ ಡಬ್ಬಕ್ಕೆ ಬೆನ್ನು ಕೊಟ್ಟು ಹಮಾಲ ನಿಂತಿದ್ದ. ಐವತ್ತು ದಾಟಿದ, ನರೆತ ಮೀಸೆಯ ಮನುಷ್ಯ. ತನ್ನ ಮೇಲೆ ತೀರ್ಪಾಗಿದ್ದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ದುಡಿಯುವವನ ಬೆನ್ನು ಇಂಥವರಿಗೆ ಎರಡು ಕೆಲಸಕ್ಕೆ ಬರುತ್ತದೆ — ಸಾಮಾನು ಹೊರಿಸಲಿಕ್ಕೆ, ತಪ್ಪು ಹೊರಿಸಲಿಕ್ಕೆ. ಇಷ್ಟು ತಿಳಿದೂ, ಹೇಳಲು ನಾಚಿಕೆಯಾಗುತ್ತದೆ, ಮನೆ ತಲುಪುವಷ್ಟರಲ್ಲಿ ದೂರಿನ ಮೊದಲ ಎರಡು ಸಾಲು ನನ್ನ ತಲೆಯಲ್ಲಿ ತಯಾರಾಗಿದ್ದವು.

ನಡೆದದ್ದನ್ನೆಲ್ಲ ಕೇಳಿ ಅತ್ತೆ ಸೂಜಿ ಕೆಳಗಿಟ್ಟರು.

"ಅವನು ಬದಲಾಯಿಸಿದ್ದನ್ನ ನೋಡಿದ್ದು ಯಾರು?"

"ಯಾರೂ ಇಲ್ಲ."

"ಮತ್ತೆ ಹೇಗೆ ಗೊತ್ತಾಯ್ತಂತೆ?"

"ಗೋದಾಮಲ್ಲಿ ಡಬ್ಬ ಮುಟ್ಟೋನು ಅವನೊಬ್ಬನೇ ಅಂತೆ."

"ಮಾರಿದೋನು ಮುಟ್ಟಲಿಲ್ವಾ? ನೀನು ಮುಟ್ಟಲಿಲ್ವಾ? ಹಾಗಾದ್ರೆ ನಿನ್ನ ಮೇಲೂ ಒಂದು ದೂರು ಬರ್ಕೋ. ಸರಿ, ಆ ಮಾರೋನು ಏನೇನಂದ? ಒಂದೂ ಬಿಡ್ದೆ ಹೇಳು."

ಹೇಳಿದೆ. ಇದೇ ಕೊನೆಯ ಪೀಸು ಎಂದಿದ್ದ. ಇನ್ನೊಬ್ಬರು ಫೋನ್ ಮಾಡಿ ಎತ್ತಿಡಲು ಹೇಳಿದ್ದಾರೆ, ಆದರೂ ನಿಮ್ಮ ಮುಖ ನೋಡಿ ಕೊಡುತ್ತಿದ್ದೇನೆ ಎಂದಿದ್ದ. ಈ ಬೆಲೆ ಒಂದು ಗಂಟೆಯವರೆಗೆ ಮಾತ್ರ ಎಂದು ಗೋಡೆಯ ಗಡಿಯಾರ ತೋರಿಸಿದ್ದ, ಆಗ ಹನ್ನೆರಡೂವರೆ. ಯೋಚಿಸಲು ಬಾಯಿ ತೆರೆದಾಗಲೆಲ್ಲ ಚೀಲ ಬೇಕೇ, ಪರದೆಗೆ ಹಾಳೆ ಬೇಕೇ, ಮೂರು ವರ್ಷದ ಹೆಚ್ಚುವರಿ ಗ್ಯಾರಂಟಿ ಬೇಕೇ ಎಂದು ನಡುವೆ ತೂರುತ್ತಿದ್ದ. ನನ್ನ ಫೋನ್ ನಂಬರನ್ನು ಮೂರು ಸಲ ಬರೆಸಿಕೊಂಡಿದ್ದ.

"ಬಿಚ್ಚಿ ತೋರ್ಸಪ್ಪ ಅನ್ನಲಿಲ್ವಾ?"

"ಅಂದೆ ಅತ್ತೆ. ಇಲ್ಲಿ ಸೀಲ್ ಒಡೆದ್ರೆ ಗ್ಯಾರಂಟಿ ಹೋಗುತ್ತೆ, ಮನೇಲಿ ಆರಾಮಾಗಿ ಬಿಚ್ಚಿ ಅಂದ. 'ನೋಡಿ ಮೇಡಂ, ಕಾರ್ಖಾನೆ ಸೀಲು, ಕೂದಲೆಳೆಯಷ್ಟೂ ಕದಲಿಲ್ಲ' ಅಂತ ಬೆರಳಾಡಿಸಿ ತೋರಿಸಿದ. ನಿಜಕ್ಕೂ ಕದಲಿರಲಿಲ್ಲ. ನಾನೇ ಕುಯ್ದದ್ದು."

"ಮೇಲಿನ ಸೀಲು."

"ಸೀಲು ಮೇಲಿರದೆ ಇನ್ನೆಲ್ಲಿರುತ್ತೆ?"

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಊರಿನವರಿಗೆಲ್ಲ ಅರ್ಜಿ ಬರೀತೀಯ. ಒಂದು ಡಬ್ಬಕ್ಕೆ ಎಷ್ಟು ಬಾಯಿ ಅಂತ ಗೊತ್ತಿಲ್ಲ ನಿಂಗೆ."

ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಅತ್ತೆ ದುಡಿದದ್ದು ಮೂವತ್ತೆರಡು ವರ್ಷ. ಲೋಟ, ದೀಪದ ಬುರುಡೆ, ಪ್ರಯೋಗಶಾಲೆಯ ತೆಳ್ಳನೆ ಕೊಳವೆ — ಉಸಿರು ತಾಗಿದರೆ ಒಡೆಯುವಂಥವನ್ನೆಲ್ಲ ಕಟ್ಟಿ ಕಳಿಸಿದ ಕೈ ಅದು. ಅವರು ಕಟ್ಟಿದ ಡಬ್ಬದಿಂದ ಚೂರು ಬಂತೆಂಬ ದೂರು ಒಂದೂ ಇಲ್ಲ. ನಿವೃತ್ತಿಯ ದಿನ ಕಾರ್ಖಾನೆ ಅವರ ಕೈಗೆ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಅದು ಬಂದದ್ದು ಒಡೆದು. ಆ ಡಬ್ಬ ಕಟ್ಟಿದವನು ಮೇಲ್ವಿಚಾರಕ ಎಂದು ಅತ್ತೆ ಈಗಲೂ ನಗುತ್ತಾರೆ.

ಅವರು ಡಬ್ಬವನ್ನು ಮಗುಚಿ ತಳದ ಮೇಲೆ ಹೆಬ್ಬೆರಳಾಡಿಸಿದರು. ಮತ್ತೆ ನೆಟ್ಟಗಿಟ್ಟು ಕೇಳಿದರು.

"ಮೊದಲು ಕೈಗೆ ಬಂದದ್ದು ಏನು?"

"ಚಾರ್ಜರ್."

"ಆಮೇಲೆ?"

"ಲ್ಯಾಪ್‌ಟಾಪ್. ಬೋರಲಾಗಿ."

"ಕಡೆಗೆ?"

ಡಬ್ಬದೊಳಗೆ ಕೈಹಾಕಿದೆ. ತಳದಲ್ಲಿ ಒಂದು ದಪ್ಪ ಕಾರ್ಡು ಮಲಗಿತ್ತು — 'ಸ್ವಾಗತ' ಎಂದು ಅಚ್ಚಾಗಿದ್ದ ಮುಖ ಕೆಳಗೆ.

ಅತ್ತೆ ಗುಂಡಿ ಹೊಲಿಯಲು ಮತ್ತೆ ಸೂಜಿ ಎತ್ತಿಕೊಂಡರು. "ದೂರು ಬರೀಬೇಡ. ನಾಳೆ ನಾನೂ ಬರ್ತೀನಿ. ಡಬ್ಬ ನನ್ನ ಕೈಲೇ ಇರ್ಲಿ."

ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಲೇ ಒಳಗೆ ಹೋದೆವು. ಮಾರಾಟದವನು ಎರಡೇ ಹೆಜ್ಜೆಗೆ ನಮ್ಮೆದುರು ಬಂದ. ಸದಾ ಬೆವರುವ, ಸದಾ ನಗುವ ಮನುಷ್ಯ. ಜೊತೆಗಿದ್ದ ಅತ್ತೆ ಯಾರೆಂದು ಅವನು ಕೇಳಲೂ ಇಲ್ಲ.

"ಬನ್ನಿ ಅಮ್ಮಾ, ಬನ್ನಿ! ಕೂತ್ಕೊಳ್ಳಿ. ಅಮ್ಮನಿಗೊಂದು ಟ್ಯಾಬ್ ತೋರಿಸ್ಲಾ? ದೊಡ್ಡ ಅಕ್ಷರ, ಹಗೂರ. ಆಫರ್ ಇವತ್ತೊಂದೇ ದಿನ—"

"ನಿನ್ನೆ ನನ್ನ ಸೊಸೆಗೆ ಒಂದು ಗಂಟೆವರೆಗೆ ಮಾತ್ರ ಅಂದ್ಯಂತೆ?"

"ಅದು... ಮುಂದುವರಿಸಿದ್ದಾರೆ ಅಮ್ಮಾ."

"ಒಳ್ಳೇದಾಯ್ತು. ಹಾಗಿದ್ರೆ ನಾಳೆ ಬಂದ್ರೂ ಸಿಗುತ್ತೆ. ಕೊನೇ ಪೀಸು ಅಂದದ್ದು?"

"ಅದು ಮಾತ್ರ ನಿಜ. ಆಣೆ ಮಾಡಿ ಹೇಳ್ತೀನಿ."

"ಗೋದಾಮಿಂದ ತರಿಸಿದ್ಯಾ ಅದನ್ನ?"

"ಇಲ್ಲಮ್ಮಾ, ಮ್ಯಾನೇಜರ್ ಸಾಹೇಬರ ಕ್ಯಾಬಿನ್ನಿಂದ. ಈ ಡಬ್ಬ ಒಂದು ಗಂಟೆಯೊಳಗೆ ಹೋಗ್ಬೇಕು, ಇಲ್ಲಿ ಬಿಚ್ಚೋದು ಬೇಡ ಅಂದಿದ್ರು. ನಮ್ಮದೂ ಹೊಟ್ಟೆಪಾಡಲ್ವಾ? ದಿನಕ್ಕಿಷ್ಟು ಮಾರ್ಲಿಲ್ಲ ಅಂದ್ರೆ ನಿಂತ್ಕೊಂಡೇ ಬೈಸ್ಕೋಬೇಕು."

ಅತ್ತೆ ತಲೆದೂಗಿ, ಪ್ರದರ್ಶನಕ್ಕೆ ಸಾಲಾಗಿಟ್ಟಿದ್ದ ಲ್ಯಾಪ್‌ಟಾಪ್‌ಗಳ ಕಡೆ ನಡೆದರು. ಪ್ರತಿಯೊಂದರ ಅಡಿಗೂ ಹೆಬ್ಬೆರಳಗಲದ ಕಪ್ಪು ಬಿಲ್ಲೆ ಅಂಟಿಸಿ, ಅದರಿಂದ ತಂತಿ ಎಳೆದಿದ್ದರು. ಸಾಲಿನ ಕಡೆಯಲ್ಲಿ ಒಂದು ಜಾಗ ಖಾಲಿ. ತಂತಿಯೂ ಬಿಲ್ಲೆಯೂ ಇದ್ದವು, ಯಂತ್ರವಿರಲಿಲ್ಲ.

"ಇದೇನಪ್ಪಾ?"

"ಅಲಾರಂ. ಯಾರಾದ್ರೂ ಕಿತ್ರೆ ಕೂಗುತ್ತೆ."

"ಬೇಕಾದಾಗ ಹೇಗೆ ಬಿಡಿಸ್ತೀರಿ?"

"ಒಂದೇ ಒಂದು ಕೀ ಇದೆ. ಸಾಹೇಬರ ಸೊಂಟ ಬಿಟ್ಟು ಕದಲಲ್ಲ."

"ಮಕ್ಕಳು ಬಂದು ಇದ್ರಲ್ಲಿ ಆಡ್ತಾವೇನೋ?"

"ಅಯ್ಯೋ, ಭಾನುವಾರ ಬಂದು ನೋಡಿ! ಕಾರಿನ ಆಟ. ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಕೈಹಿಡಿದು ಎಳೆದ್ರೂ ಬರಲ್ಲ."

ಕೈಲಿದ್ದ ಲ್ಯಾಪ್‌ಟಾಪನ್ನು ತೆರೆದು ನೋಡಿದೆ. ಎಡಕ್ಕೆ, ಬಲಕ್ಕೆ. ಬಾಣದ ಕೀಲಿಗಳು!

ಅಷ್ಟರಲ್ಲಿ ಮ್ಯಾನೇಜರ್ ಬಂದ. ಹಿಂದೆ ಹಮಾಲ. ಎಲ್ಲರೆದುರು ನಿಲ್ಲಿಸಿ ಕೆಲಸದಿಂದ ಕಳಿಸಬೇಕೆಂದು ಕರೆತಂದಿದ್ದ.

"ದೂರು ತಂದ್ರಾ ಮೇಡಂ?"

"ತಂದಿದ್ದೀವಿ," ಅತ್ತೆ ಹೇಳಿದರು. "ಬರೆದಿಲ್ಲ. ಬಾಯಲ್ಲಿದೆ." ಹಮಾಲನ ಕಡೆ ತಿರುಗಿದರು. "ಏನಪ್ಪಾ, ನಿನ್ನ ಹತ್ರ ಅಂಟಿಸೋ ಟೇಪು ಇದೆಯಾ?"

"ಟೇಪಾ?" ಅವನು ಮ್ಯಾನೇಜರನ ಮುಖ ನೋಡಿದ. "ನನಗ್ಯಾಕಮ್ಮ ಕೊಡ್ತಾರೆ? ಹರಿದ ಡಬ್ಬ ಬಂದ್ರೆ ಮುಟ್ಟಬೇಡ, ಕ್ಯಾಬಿನ್ನಿಗೆ ತಾ ಅಂತಾರೆ. ನಾನು ಕಳ್ಳ ಅಲ್ಲಮ್ಮ."

"ಅದು ಅವರಿಗೂ ಗೊತ್ತು."

ಅತ್ತೆ ಡಬ್ಬವನ್ನು ಕೌಂಟರಿನ ಮೇಲೆ ಮಗುಚಿಟ್ಟರು. ಬೆಳಗಿನ ಇಬ್ಬರು ಗಿರಾಕಿಗಳು ಹತ್ತಿರ ಬಂದರು.

"ಎಲ್ಲರೂ ಮೇಲಿನ ಸೀಲು ನೋಡಿದ್ರಿ. ನೋಡಲಿ ಅಂತಲೇ ಅದನ್ನ ತೋರಿಸಿದ್ದು. ತಳ ನೋಡಿ. ಕಾರ್ಖಾನೇಲಿ ತಳ ಅಂಟಿಸುವಾಗ ಡಬ್ಬ ಖಾಲಿ ಇರುತ್ತೆ, ಒಳಗಿಂದ ಒತ್ತು ಸಿಗುತ್ತೆ. ಗಾಳಿ ನಿಲ್ಲಲ್ಲ. ಇಲ್ಲಿ ಟೇಪಿನಡಿ ಗುಳ್ಳೆ ಎದ್ದಿದೆ. ಮೊದಲಿನ ಟೇಪು ಕಿತ್ತಾಗ ರಟ್ಟಿನ ಸಿಪ್ಪೆ ಎದ್ದು ಬಂದಿದೆ, ಅದರ ಮೇಲೇ ಹೊಸದು ಎಳೆದಿದ್ದಾರೆ. ಈ ಡಬ್ಬ ಬಿಚ್ಚಿದ್ದು ತಳದಿಂದ."

"ಅವನೇ ಬಿಚ್ಚಿರ್ತಾನೆ," ಮ್ಯಾನೇಜರ್ ಎಂದ.

"ತಾಳಿ. ಇನ್ನೂ ಕಟ್ಟಿದ್ದು ಹೇಗೆ ಅಂತ ಹೇಳಿಲ್ಲ. ಮಗುಚಿದ ಡಬ್ಬಕ್ಕೆ ಮೊದಲು ಚಾರ್ಜರ್ ಹಾಕಿದ್ರು. ಅದರ ಮೇಲೆ ಲ್ಯಾಪ್‌ಟಾಪ್, ಅಂದವಾಗಿ ಮುಖ ಮೇಲೆ ಮಾಡಿ. ಅದರ ಮೇಲೆ ಸ್ವಾಗತದ ಕಾರ್ಡು. ಟೇಪು ಎಳೆದ್ರು. ಅಬ್ಬಾ, ಚೆನ್ನಾಗಿದೆ! ಆಮೇಲೆ ಡಬ್ಬ ನೆಟ್ಟಗೆ ನಿಲ್ಲಿಸಿದ್ರು. ನಿಲ್ಲಿಸಿದ ತಕ್ಷಣ ಒಳಗಿದ್ದದ್ದೆಲ್ಲ ತಲೆಕೆಳಗಾಯ್ತು. ನನ್ನ ಸೊಸೆಗೆ ಮೊದಲು ಸಿಕ್ಕಿದ್ದು ಚಾರ್ಜರ್, ಸ್ವಾಗತ ಸಿಕ್ಕಿದ್ದು ಕಡೆಗೆ."

ಅತ್ತೆಯ ದನಿ ಏರಲಿಲ್ಲ. ಬೆನ್ನು ಮಾತ್ರ ನೆಟ್ಟಗಾಯಿತು.

"ಮೂವತ್ತೆರಡು ವರ್ಷ ಕಟ್ಟಿದ್ದೀನಿ ಸಾಹೇಬರೇ. ಕಟ್ಟೋ ಕೈ ಯಾವಾಗ್ಲೂ ತೆರೆಯೋರ ಕಡೆಯಿಂದ ಯೋಚಿಸುತ್ತೆ. ಅವರಿಗೆ ಮೊದಲು ಏನು ಸಿಗ್ಬೇಕು, ಕೈಗೆ ಏನು ಚುಚ್ಚಬಾರದು ಅಂತ. ಡಬ್ಬದ ಮೇಲೆ ಬಾಣ ಹಾಕೋದು ಆಟಕ್ಕಲ್ಲ. ದಿನವಿಡೀ ಆ ಬಾಣ ನೋಡ್ಕೊಂಡು ಹೊರೋ ಮನುಷ್ಯ ಮೇಲು ಕೆಳಗು ಮರೆಯಲ್ಲ. ಮರೆಯೋದು ಜನ್ಮದಲ್ಲಿ ಒಂದು ಡಬ್ಬವನ್ನೂ ಕಟ್ಟದೋರು. ಡಬ್ಬ ಅಂದ್ರೆ ಬರೀ ಮಾರೋ ವಸ್ತು ಅಂದ್ಕೊಂಡೋರು."

"ಇದೆಲ್ಲ ಊಹೆ!"

ಈಗ ನನ್ನ ಸರದಿ. ಲ್ಯಾಪ್‌ಟಾಪನ್ನು ಮಗುಚಿ ಹಿಡಿದೆ. ಅಡಿಯಲ್ಲಿ ಹೆಬ್ಬೆರಳಗಲದ ಜಿಗುಟು ಗುರುತು. ನಿನ್ನೆ ನನ್ನ ಕಣ್ಣಿಗೆ ಬೀಳದ್ದು. ಖಾಲಿ ಜಾಗದ ಬಿಲ್ಲೆಯನ್ನು ಎಳೆದು ಅದರ ಮೇಲಿಟ್ಟೆ. ಅಂಚಿಗೆ ಅಂಚು ಕೂಡಿತು.

"ಇದು ಹಮಾಲಣ್ಣ ಎಲ್ಲಿಂದಲೋ ತಂದ ಹಳೇದಲ್ಲ. ನಿಮ್ಮದೇ ಅಂಗಡೀಲಿ ಮಕ್ಕಳು ಕಾರು ಓಡಿಸಿದ್ದು. ಅದಕ್ಕೇ ಬಾಣದ ಕೀಲಿಗಳು ಮಾತ್ರ ಸವೆದಿವೆ. ಅಲಾರಂ ಕೂಗದೆ ಇದನ್ನ ಬಿಡಿಸೋಕೆ ಒಂದೇ ಕೀ. ಅದು ಯಾರ ಸೊಂಟದಲ್ಲಿದೆ?"

ಎಲ್ಲರ ಕಣ್ಣು ಒಂದೇ ಸೊಂಟದ ಮೇಲೆ ಬಿದ್ದವು. ಮ್ಯಾನೇಜರ್ ಕೋಟಿನ ಗುಂಡಿ ಹಾಕಿಕೊಂಡ.

"ಕೀ ಯಾರು ಬೇಕಾದ್ರೂ ತಗೊಂಡಿರಬಹುದು..."

"ಶನಿವಾರ ನೀವೇ ಬಿಡಿಸಿದ್ರಿ ಸಾರ್." ಮಾರಾಟದವನ ದನಿ. ನಗು ಎಲ್ಲೋ ಬಿದ್ದುಹೋಗಿತ್ತು. "ರಿಪೇರಿಗೆ ಅಂತ ಕ್ಯಾಬಿನ್ನಿಗೆ ಒಯ್ದ್ರಿ. ನಿನ್ನೆ ಅದೇ ಕ್ಯಾಬಿನ್ನಿಂದ ನನ್ನ ಕೈಗೆ ಡಬ್ಬ ಕೊಟ್ರಿ. ನಂಗೆ ಗೊತ್ತಿರ್ಲಿಲ್ಲ. ನಿಜವಾಗ್ಲೂ ಗೊತ್ತಿರ್ಲಿಲ್ಲ ಅಮ್ಮಾ."

"ಗೊತ್ತಿಲ್ದಿರೋದಕ್ಕೆ ತಾನೇ ನಿನ್ನ ನಾಲಿಗೆ ಬಾಡಿಗೆಗೆ ತಗೊಂಡದ್ದು," ಎಂದರು ಅತ್ತೆ. "ಕೊನೇ ಪೀಸು, ಒಂದು ಗಂಟೆ, ಯಾರೋ ಫೋನ್ ಮಾಡಿದ್ರು — ಈ ಅವಸರ ಮಾರೋದಕ್ಕಷ್ಟೇ ಅಲ್ಲ. ಕೊಳ್ಳೋಳು ಡಬ್ಬ ತಿರುಗಿಸಿ ನೋಡದಿರ್ಲಿ ಅಂತ. ಬದಲಾಯಿಸಿದ್ದು ಈ ಸಾಹೇಬರು. ಹೊಸದು ಎಲ್ಲಿಗೆ ಹೋಯ್ತು ಅಂತ ಮಾಲೀಕರು ಬಂದು ಕೇಳ್ತಾರೆ. ಫೋನ್ ಮಾಡಪ್ಪ ಅವರಿಗೆ."

ಮಾರಾಟದವನು ಫೋನ್ ಕೈಗೆತ್ತಿಕೊಂಡ.

ಮ್ಯಾನೇಜರನ ಮಾತು ಇನ್ನಷ್ಟು ಮೆದುವಾಯಿತು. ಗಿರಾಕಿಗಳಿಗೆ ಕೇಳದಂತೆ ನನ್ನತ್ತ ಬಾಗಿದ. "ಮೇಡಂ, ಹೊಸದು ಈಗಲೇ ಕೊಡ್ತೀನಿ. ಚೀಲ, ಹೆಚ್ಚುವರಿ ಗ್ಯಾರಂಟಿ ಎಲ್ಲ ನಮ್ಮ ಕಡೆಯಿಂದ. ಇವನನ್ನೂ ಕೆಲಸದಲ್ಲಿ ಇಟ್ಕೋತೀನಿ. ಏನೋ ಗೊಂದಲ ಆಗಿತ್ತು ಅಂತ ಇಲ್ಲಿಗೇ ಬಿಟ್ಬಿಡೋಣ."

ಉತ್ತರಕ್ಕೂ ಕಾಯದೆ ಹಿಂದೆ ತಿರುಗಿ ಚಿಟಿಕೆ ಹೊಡೆದ.

"ಏಯ್, ಆ ಡಬ್ಬ ತಗೊಂಡೋಗಿ ಕ್ಯಾಬಿನ್ನಲ್ಲಿಡು."

ಆ ಡಬ್ಬ ಒಳಗೆ ಹೋದರೆ ಸಾಕ್ಷಿಯೂ ಒಳಗೆ ಹೋದಂತೆ. ಹೊರಗೆ ಉಳಿಯುವುದು ಕಳ್ಳ ಎಂಬ ಹೆಸರೊಂದೇ.

ಹಮಾಲಣ್ಣ ಮುಂದೆ ಬಂದ. ಡಬ್ಬದ ಎರಡೂ ಬದಿಗೆ ಅಂಗೈ ಕೊಟ್ಟ. ಅದನ್ನು ಮೆಲ್ಲಗೆ ಅತ್ತೆಯ ಕಡೆಗೆ ಸರಿಸಿ, ಅದರ ಮೇಲೆ ಕೈಯೂರಿ ನಿಂತ.

"ಕೇಳಿಸ್ಲಿಲ್ವೇನೋ? ಎತ್ತು!"

"ಕೇಳಿಸ್ತು ಸಾಹೇಬರೇ," ಎಂದ. "ಎತ್ತಲ್ಲ."