ಮಾವ ಕಟ್ಟಿದ ರೈಲು

“ಇವರಾ… ಇವನು ಕೆಲಸದವನು ರೀ. ಗೊಂಬೆ ಕೂರಿಸೋಕೆ ಅಂತ ಊರಿಂದ ಕರೆಸಿದ್ವಿ,” ಎಂದುಬಿಟ್ಟಳು ಶಾಂತಾದೇವಿ.

ಗೊಂಬೆ ನೋಡಲು ಬಂದಿದ್ದ ಎದುರುಮನೆಯ ಸತ್ಯಭಾಮಾ ಕೇಳಿದ್ದು ಇಷ್ಟೇ: ಈ ರೈಲು ಮಾಡಿದ್ದು ಯಾರು? ಪಟ್ಟದ ಗೊಂಬೆಗಳ ಕೆಳಗೆ, ನಡುಮನೆಯ ಅರ್ಧ ನೆಲವನ್ನು ಆವರಿಸಿಕೊಂಡು ಒಂದು ಪುಟ್ಟ ರೈಲುದಾರಿ ಸುತ್ತಿ ಬಂದಿತ್ತು. ಕೊಡೆಕಡ್ಡಿಯ ಹಳಿ, ಬಿಸ್ಕತ್ತಿನ ಡಬ್ಬದ ತಗಡಿನಲ್ಲಿ ಕತ್ತರಿಸಿದ ಇಂಜಿನ್ನು, ಬೆಂಕಿಪೊಟ್ಟಣದ ಬೋಗಿಗಳು, ಹೊಟ್ಟೆಯೊಳಗೆ ಕೆಟ್ಟ ಅಲಾರಂ ಗಡಿಯಾರದ ಸ್ಪ್ರಿಂಗು. ಮೊಳಕೆ ಬರಿಸಿದ ರಾಗಿಪೈರಿನ ನಡುವೆ ಅದು ಗರಗರ ಓಡುತ್ತಿದ್ದರೆ ಬೀದಿಯ ಮಕ್ಕಳೆಲ್ಲ ಬಾಯಿಬಿಟ್ಟುಕೊಂಡು ಕೂತಿದ್ದವು. ಮೊಣಕಾಲಿನ ಮೇಲಕ್ಕೆ ಪಂಚೆ ಎತ್ತಿಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು ಅದಕ್ಕೆ ಕೀ ಕೊಡುತ್ತಿದ್ದವರು ಮರುಳಸಿದ್ದಪ್ಪನವರು. ಶಾಂತಾದೇವಿಯ ಸ್ವಂತ ಮಾವ. ಗಂಡ ಜಯದೇವಪ್ಪನನ್ನು ಹೆತ್ತ ತಂದೆ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಈ ಮಾತಿಗೂ ಒಂದು ತಾಯಿಬೇರಿತ್ತು. ಅರವತ್ತೊಂದನೇ ಇಸವಿ, ಜಯನಗರ ಆಗಿನ್ನೂ ಹೊಸತು. ಒಬ್ಬರ ಹಿಂದುಮುಂದು ಇನ್ನೊಬ್ಬರಿಗೆ ತಿಳಿಯದು, ಹೇಳಿಕೊಂಡದ್ದೇ ಮನೆತನ. ಮಹಿಳಾ ಸಮಾಜದಲ್ಲಿ ಒಬ್ಬಳು ತನ್ನ ಮಾವ ಅಮಲ್ದಾರರಾಗಿದ್ದರು ಎಂದರೆ, ಮತ್ತೊಬ್ಬಳು ತನ್ನವರು ಡಾಕ್ಟರು ಎಂದಳು. ಶಾಂತಾದೇವಿ ಹಿಂದೆ ಬೀಳುವವಳೇ? “ನಮ್ಮ ಮಾವನೋರು ರೈಲ್ವೇಲಿ ದೊಡ್ಡ ಆಫೀಸರು,” ಎಂದಿದ್ದಳು. ರೈಲ್ವೆ ನಿಜ. ಬೀರೂರಿನ ಹತ್ತಿರ ಒಂದು ಗೇಟು ಹಾಕುವುದು, ತೆಗೆಯುವುದು, ಹಸಿರು ಬಾವುಟ ಹಿಡಿದು ನಿಲ್ಲುವುದು. ಮರುಳಸಿದ್ದಪ್ಪನವರ ಇಡೀ ಆಯುಸ್ಸು ಅದರಲ್ಲೇ ಸವೆದಿತ್ತು.

ಚಿಕ್ಕಂದಿನಲ್ಲಿ ರೈಲಿನ ಸದ್ದು ಕೇಳಿದರೆ ಸಾಕು, ಕಾಯುತ್ತಿದ್ದ ದನಗಳನ್ನು ಯಾರದೋ ಹೊಲಕ್ಕೆ ಬಿಟ್ಟು ಹಳಿಯ ಪಕ್ಕ ಓಡುತ್ತಿದ್ದರಂತೆ. ಅದಕ್ಕಾಗಿ ಅಪ್ಪನಿಂದ ತಿಂದ ಏಟಿಗೆ ಲೆಕ್ಕವಿಲ್ಲ. ಇಂಜಿನ್ ಓಡಿಸಬೇಕೆಂಬ ಹುಡುಗನಿಗೆ ಸಿಕ್ಕಿದ್ದು ಗೇಟು. ಹೆಂಡತಿ ತೀರಿಕೊಂಡ ಮೇಲೆ ಮಗ ಕರೆತಂದು ಎರಡು ತಿಂಗಳಾಗಿತ್ತು. ಆ ಎರಡು ತಿಂಗಳು ಅವರು ಹಿತ್ತಲು ಬಿಟ್ಟು ಬೀದಿಗೆ ಬಂದವರಲ್ಲ. ಸೊಸೆಯನ್ನು ಕೇಳಿದ್ದೂ ಒಂದೇ: “ಮುರಿದ ಕೊಡೆ ಇದ್ರೆ ಎಸೀಬೇಡವ್ವ.” ನವರಾತ್ರಿಗೆ ಬಂದವರ ಕಣ್ಣಿಗೆ ಏನಾದರೂ ಹೊಸದಿರಲಿ ಎಂದು ಆ ಕಡ್ಡಿಗಳಲ್ಲಿ ಅವರು ಕಟ್ಟಿದ ರೈಲನ್ನು ಶಾಂತಾದೇವಿಯೇ ನಡುಮನೆಗೆ ತರಿಸಿದ್ದಳು. ರೈಲು ಬೇಕಿತ್ತು, ಮಾಡಿದವರು ಬೇಡವಾಗಿದ್ದರು.

ಮರುಳಸಿದ್ದಪ್ಪನವರ ಕೈಯಲ್ಲಿ ಕೀ ಒಂದು ಕ್ಷಣ ನಿಂತಿತು. ಆಮೇಲೆ ಎದ್ದು ಗೋಡೆಯ ಬದಿಗೆ ಸರಿದು ಕೈಮುಗಿದರು. “ಹೌದು ತಾಯಿ, ಕೆಲಸದೋನು.”

“ಒಳ್ಳೇ ಕೈ ರೀ ಇವನದು,” ಎಂದಳು ಸತ್ಯಭಾಮಾ. “ನಾಳೆ ನಮ್ಮನೇಗೂ ಕಳಿಸಿ. ಮಕ್ಕಳು ಇನ್ನು ನನ್ನ ಪ್ರಾಣ ತಿಂತಾವೆ.”

“ಅದಕ್ಕೇನು, ಕಳಿಸ್ತೀನಿ,” ಎಂದಿತು ಶಾಂತಾದೇವಿಯ ಬಾಯಿ.

ಜಯದೇವಪ್ಪ ಊರಲ್ಲಿರಲಿಲ್ಲ, ಆಫೀಸಿನ ಕ್ಯಾಂಪಿಗೆ ಶಿವಮೊಗ್ಗಕ್ಕೆ ಹೋಗಿದ್ದ. ರಾತ್ರಿ ಊಟಕ್ಕೆ ಬಡಿಸುತ್ತಾ ಅವಳೇ ಮಾತು ತೆಗೆದಳು. “ಮಾವ, ನಾಳೆ ಹೋಗ್ಬೇಡಿ. ಮೈಗೆ ಹುಷಾರಿಲ್ಲ ಅಂತ ನಾನೇ ಹೇಳ್ತೀನಿ.”

“ಹೋಗ್ದಿದ್ರೆ ಯಾಕೆ, ಏನು ಅಂತ ಕೆದಕ್ತಾರವ್ವ. ನಿನ್ನ ಮಾತು ಬಿದ್ದುಹೋಗ್ತದೆ. ನಂದೇನು, ದುಡಿದು ತಿಂದ ಮೈ.”

ನಿಜ ಹೇಳಬೇಕೆಂದರೆ, ಅದನ್ನು ಕೇಳಿ ಶಾಂತಾದೇವಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಬಂದದ್ದು ಆಮೇಲೆ. ಬಂದಮೇಲೆ ಮಾತ್ರ ಹೋಗಲಿಲ್ಲ.

ಮರುದಿನ ಬೆಳಗಿನಿಂದ ಎದುರುಮನೆಯಲ್ಲಿ ತಗಡು ಬಡಿಯುವ ಸದ್ದು. ಒಂದೊಂದು ಏಟೂ ಅವಳ ಎದೆಗೇ ಬಿದ್ದಂತಾಗುತ್ತಿತ್ತು. ಮಧ್ಯಾಹ್ನ ಸದ್ದು ನಿಂತಿತು. ಮಾವ ಬರಲಿಲ್ಲ. ಕಿಟಕಿಯಿಂದ ಇಣುಕಿದರೆ, ಸತ್ಯಭಾಮಾಳ ಮನೆಯ ಪಕ್ಕದ ಓಣಿಯಲ್ಲಿ, ಬಚ್ಚಲಿನ ಹತ್ತಿರ, ನೆಲದ ಮೇಲೆ ಅವರನ್ನು ಎಲೆಯ ಮುಂದೆ ಕೂರಿಸಿದ್ದರು. ಸತ್ಯಭಾಮಾ ನಿಂತುಕೊಂಡೇ ಎತ್ತರದಿಂದ ಅನ್ನ ಬಡಿಸುತ್ತಿದ್ದಳು. ಮರುಳಸಿದ್ದಪ್ಪನವರು ತಟ್ಟನೆ ಗೋಡೆಯ ಕಡೆ ತಿರುಗಿ ಬೆನ್ನು ಬಗ್ಗಿಸಿದರು. ಏನು ಮಾಡುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಉಣ್ಣುವ ಮುಂಚೆ ಅಂಗಿಯೊಳಗಿನ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಯಾರಾದರೂ ಕಂಡು ‘ನೀನೂ ಲಿಂಗವಂತನಾ, ಆ ಮನೆಯವರ ಪೈಕಿಯೇನಪ್ಪ’ ಎಂದು ಕೇಳಿದರೆ ಸೊಸೆಗೆ ಅವಮಾನವಾದೀತಲ್ಲ… ಅದಕ್ಕೆ ಶಿವನನ್ನೂ ಬಚ್ಚಿಡುತ್ತಿದ್ದರು!

ಅಲ್ಲಿಗೆ ಅವಳ ಗಟ್ಟಿತನ ಮುಗಿಯಿತು. ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದಳು.

“ಮಾವ, ಏಳಿ. ಮನೇಲಿ ಊಟಕ್ಕೆ ಕಾಯ್ತಿದೀನಿ.”

ಸತ್ಯಭಾಮಾ ಸೌಟು ಹಿಡಿದುಕೊಂಡೇ ತಿರುಗಿದಳು. ಮರುಳಸಿದ್ದಪ್ಪನವರು ಗಾಬರಿಯಿಂದ ಎದ್ದುನಿಂತರು. “ತಪ್ಪು ತಿಳೀಬೇಡಿ ತಾಯಿ. ಈ ಅಮ್ಮಾವ್ರು ದೊಡ್ಡ ಮನಸ್ಸಿನೋರು. ವಯಸ್ಸಾದೋರನ್ನೆಲ್ಲ ಮಾವ ಅಂತಾನೇ ಕರೀತಾರೆ.”

ಮತ್ತೊಮ್ಮೆ ಅವಳನ್ನು ಕಾಪಾಡಲು ಹೊರಟಿದ್ದರು. ಶಾಂತಾದೇವಿ ‘ಹೂಂ’ ಎಂದಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು, ಸುಳ್ಳೇಕೆ?

“ಇಲ್ಲ ರೀ ಸತ್ಯಭಾಮಾ,” ಎಂದಳು. “ಇವರು ನಮ್ಮೆಜಮಾನರ ತಂದೆ. ರೈಲ್ವೆ ಗೇಟ್ ಕಾಯ್ತಿದ್ರು. ಆಫೀಸರ್ ಅಂದದ್ದು ಸುಳ್ಳು. ನಿನ್ನೆ ಅಂದದ್ದೂ ಸುಳ್ಳು… ಹೇಳ್ಕೊಳ್ಳೋಕೆ ನಂಗೆ ನಾಚಿಕೆಯಾಯ್ತು.”

ಸತ್ಯಭಾಮಾ ಎಲೆಯನ್ನು ನೋಡಿದಳು, ಬಚ್ಚಲನ್ನು ನೋಡಿದಳು. “ಅಯ್ಯೋ, ಇಲ್ಲಿ ಕೂರಿಸಿಬಿಟ್ಟೆನಲ್ರೀ… ಹೆತ್ತ ತಂದೆ ಸಮಾನರಾದೋರಿಗೆ ಇಂಥ ಮಾತಾ ರೀ ಅನ್ನೋದು?” ಅವಳ ನೋಟವನ್ನು ಶಾಂತಾದೇವಿ ತಲೆಬಗ್ಗಿಸಿ ಸಹಿಸಿದಳು. ನಾಳೆ ಇದು ಮಹಿಳಾ ಸಮಾಜದ ತುಂಬ ಹಬ್ಬುವುದೆಂದು ಅವಳಿಗೆ ಗೊತ್ತಿತ್ತು.

“ಒಳಗೆ ಬನ್ನಿ, ಬೇರೆ ಎಲೆ ಹಾಕ್ತೀನಿ,” ಎಂದು ಸತ್ಯಭಾಮಾ ಎಷ್ಟು ಕರೆದರೂ ಮರುಳಸಿದ್ದಪ್ಪನವರು ಒಪ್ಪಲಿಲ್ಲ. “ಬಡಿಸಿದ್ದು ಪ್ರಸಾದ ತಾಯಿ, ಬಿಟ್ಟೇಳಬಾರದು,” ಎಂದು ಮತ್ತೆ ಅಲ್ಲೇ ಕೂತರು. ಶಾಂತಾದೇವಿಯೂ ರೇಷ್ಮೆ ಸೀರೆಯಲ್ಲೇ ಅವರ ಪಕ್ಕ ಒದ್ದೆ ನೆಲದ ಮೇಲೆ ಕೂತಳು. ಅವರು ಒಂದಗುಳೂ ಬಿಡದೆ ಉಂಡರು.

ಉಂಡಾದ ಮೇಲೆ ಅವಳು ಎಲೆಗೆ ಕೈಹಾಕಿದಳು. ಮರುಳಸಿದ್ದಪ್ಪನವರು ಗಡಬಡಿಸಿ ತಡೆದರು. “ಬಿಡಿ ಅಮ್ಮಾವ್ರೇ, ಕೆಲಸದೋನ ಎಲೆ ಕೆಲಸದೋನೇ ಎತ್ತಬೇಕು.”

ಚುಚ್ಚಿ ಆಡಿದ ಮಾತಲ್ಲ ಅದು. ಬೆಳಗಿನಿಂದ ಅವಳಿಗಾಗಿ ಬಾಯಿಪಾಠ ಮಾಡಿಕೊಂಡದ್ದು, ಅಭ್ಯಾಸಬಲದಿಂದ ಬಂದುಬಿಟ್ಟಿತ್ತು. ಶಾಂತಾದೇವಿ ಎಂಜಲೆಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಮರುಳಸಿದ್ದಪ್ಪನವರು, ಬೇರೆಯವರ ಮನೆಯಲ್ಲಿ ಅಳಬಾರದು, ಏಳವ್ವ ಎನ್ನುತ್ತಾ ಅವಳ ಮುಂದೆ ನಿಂತೇ ಇದ್ದರು.