ಹದಿಮೂರನೆಯ ಹಂದಿ

"ಹಂದಿ ಎಣಿಸೋಕೂ ಬರಲ್ವೇನೋ ನಿಂಗೆ?" ಎಂದು ಹೆಂಡತಿಯ ತಮ್ಮ ಆರ್ವಿಲ್ ಮೇಲೆ ಕೂಗಾಡಿದೆ.

"ನೀನೇ ಎಣಿಸು ಭಾವ, ಹದಿಮೂರಿದಾವೆ! ಬೈಯೋಕೆ ಮಾತ್ರ ಮುಂದು."

ನಮ್ಮವು ಹನ್ನೆರಡೇ. ಮಿಸ್ಸೂರಿಯ ನಮ್ಮ ಹೊಲದಲ್ಲಿ ಒಡ್ಡು ಹಾಕಿ ಕಟ್ಟಿದ ಕೆರೆ ಹಿಂದಿನ ಎರಡು ವರ್ಷವೂ ಸೋರಿತ್ತು. ಈ ಸಲ ತಳದ ಜೇಡಿಮಣ್ಣು ಬಿಗಿಯಾಗಲೆಂದು ಹಂದಿಗಳಿಂದ ತುಳಿಸುತ್ತಿದ್ದೆವು. ಇದೂ ಸೋತರೆ ಕೆರೆಯ ಆಸೆ ಬಿಡಬೇಕಿತ್ತು.

ಸುಡುಬಿಸಿಲಿನಲ್ಲೂ ಹದಿಮೂರನೆಯದರ ಬೆನ್ನು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅದು ಮೇವು ಮುಟ್ಟಲಿಲ್ಲ, ತುಳಿಯುವುದನ್ನೂ ನಿಲ್ಲಿಸಲಿಲ್ಲ.

ಮಳೆ ಬಂದು ಕೆರೆ ತುಂಬಿತು. ವಾರ ಕಳೆದರೂ ನೀರು ಇಳಿಯಲಿಲ್ಲ.

"ನಿಂತೈತೆ ಭಾವ!" ಎಂದು ಆರ್ವಿಲ್ ಬೂಟು ಸಮೇತ ನೀರಿಗೆ ಹಾರಿದ. ನಾನೂ ಹಾರಿದೆ.

ಆಗ ಆ ಹದಿಮೂರನೆಯ ಹಂದಿ ಒಡ್ಡಿನ ಮೇಲೆ ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅದರ ಎಡಗಿವಿಯ ಅಂಚಿನಲ್ಲಿ ಚಾಕುವಿನಿಂದ ಕೊಯ್ದ ಎರಡು ಕಚ್ಚು. ನಲವತ್ತು ವರ್ಷದ ಹಿಂದೆ ತೀರಿಹೋದ ನನ್ನ ತಾತ ತನ್ನ ಹಂದಿಗಳಿಗೆ ಹಾಕುತ್ತಿದ್ದ ಗುರುತು ಅದು.

"ಮೇವಾದ್ರೂ ತಿಂದು ಹೋಗೋ!" ಎಂದು ಕೂಗಿದೆ.

ಅದು ಗುಡ್ಡ ಹತ್ತಿ ಹೋಯಿತು. ಮತ್ತೆ ಬರಲಿಲ್ಲ.